ಯಾವ ಜೆರಾಕ್ಸ್ ತಪ್ಪು, ಯಾವುದು ಅಲ್ಲ?

ಮಾನ್ಯ ಸಂಪಾದಕರೇ,

ಸೆಮಿಸ್ಟರ್ ಶುರುವಾದೊಡನೆ ದುಬಾರಿ ಪಠ್ಯಪುಸ್ತಕಗಳ ಪಟ್ಟಿ ಕೈಗೆ ಬರುತ್ತದೆ. ಜೆರಾಕ್ಸ್ ಮಾಡಿಸಿದರೆ ಕಳ್ಳತನವೇ ಎಂಬ ಅಳುಕು ವಿದ್ಯಾರ್ಥಿಗಳಿಗೆ ಸಹಜ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು 2012ರಲ್ಲಿ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದಕ್ಕೆ ಉತ್ತರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಐ) ಬೋಧನೆಗಾಗಿ ನಕಲು ಮಾಡಲು ಅವಕಾಶ ಕೊಡುತ್ತದೆ. ಇಷ್ಟೇ ಪುಟ ಎಂಬ ಮಿತಿ ಅಲ್ಲಿಲ್ಲ. ಪಾಠಕ್ಕೆ ಅಷ್ಟು ಭಾಗ ಬೇಕೇ ಎಂಬುದೇ ಅಳತೆ.

ಹಾಗೆಂದು ಇಡೀ ಪುಸ್ತಕಕ್ಕೆ ಸ್ಪೈರಲ್ ಬೈಂಡಿಂಗ್ ಹಾಕಿ ಮಾರುವುದನ್ನು ಒಪ್ಪಲಾಗದು. ಕೆಲವೇ ನೂರು ಪ್ರತಿ ಅಚ್ಚಾಗುವ ಕನ್ನಡ ಪಠ್ಯಗಳಿಗಂತೂ ಅದು ನೇರ ಪೆಟ್ಟು. ಲೇಖಕರಿಗೆ ಗೌರವಧನ ಸಿಗುವುದಿಲ್ಲ, ಮರುಮುದ್ರಣವೂ ನಿಂತುಹೋಗುತ್ತದೆ.

ಹಳೆಯ ಆವೃತ್ತಿ ಕೊಳ್ಳುವುದು ಪ್ರಾಮಾಣಿಕ ದಾರಿ. ಎರಡೂ ಆವೃತ್ತಿಗಳ ಪರಿವಿಡಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ಗಣಿತ, ಭೌತವಿಜ್ಞಾನದಲ್ಲಿ ಬಹುಪಾಲು ಬದಲಾಗುವುದು ಅಧ್ಯಾಯದ ಕೊನೆಯ ಲೆಕ್ಕಗಳ ಕ್ರಮ. ‘7ನೇ ಲೆಕ್ಕ ಮಾಡಿ’ ಎಂದಾಗ ಹಳೆಯ ಪುಸ್ತಕದವರು ಬೇರೆಯದನ್ನೇ ಬಿಡಿಸಿ ಅಂಕ ಕಳೆದುಕೊಳ್ಳುತ್ತಾರೆ. ಅಧ್ಯಾಪಕರು ಲೆಕ್ಕವನ್ನು ಬೋರ್ಡಿನ ಮೇಲೆ ಪೂರ್ತಿ ಬರೆದರೆ ಸಾಕು. ಕಾನೂನು ವಿದ್ಯಾರ್ಥಿಗಳು ಮಾತ್ರ ಎಚ್ಚರವಾಗಿರಬೇಕು: ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ, ಹಳೆಯ ದಂಡ ಸಂಹಿತೆಯ ಸೆಕ್ಷನ್ ಸಂಖ್ಯೆಗಳು ಈಗ ಹೊಂದುವುದಿಲ್ಲ.

ನಮ್ಮ ಒತ್ತಾಯ ಅಧ್ಯಾಪಕರಿಗೆ. ಪಟ್ಟಿಯಲ್ಲಿ ಪುಸ್ತಕದ ಹೆಸರಿನ ಮುಂದೆ ಯಾವ ಅಧ್ಯಾಯ, ಯಾವ ಪುಟಗಳು ಎಂದು ಬರೆಯಿರಿ. ಒಂದು ಪ್ರತಿಯನ್ನು ಗ್ರಂಥಾಲಯದಿಂದ ಹೊರಹೋಗದಂತೆ ಕಾಯ್ದಿರಿಸಿ.

– ಕಾಲೇಜು ಗ್ರಂಥಪಾಲಕರು, ಧಾರವಾಡ