ಯುರೋಪಿಗೆ ಹೊರಟ ಪೈಲ್ವಾನರ ಪ್ರಯಾಣ: ಎಲ್ಲರ ಗಮನಕ್ಕೆ

ಗರಡಿಯ ಹಿರಿಯರಿಗೂ ಪೈಲ್ವಾನರಿಗೂ ನಮಸ್ಕಾರ.

ಗದಗದಿಂದ ಬೆಂಗಳೂರಿಗೆ ರಾತ್ರಿ ಪ್ರಯಾಣ, ಅಲ್ಲಿಂದ ಎರಡು ವಿಮಾನ. ಇಷ್ಟಾದ ಮೇಲೆ ಇಳಿದ ಮರುದಿನವೇ ಹುಡುಗರನ್ನು ಸ್ಪರ್ಧೆಗೆ ಇಳಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಗಡಿಯಾರದ ಪ್ರತಿ ಒಂದು ಗಂಟೆಯ ವ್ಯತ್ಯಾಸಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಸರಿಸುಮಾರು ಒಂದು ದಿನ ಬೇಕು. ಬೇಸಿಗೆಯಲ್ಲಿ ಜರ್ಮನಿ, ಪೋಲೆಂಡ್‌ಗಳ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಸಂಜೆಗೇ ಕಣ್ಣು ಎಳೆಯುತ್ತದೆ, ನಸುಕಿಗೂ ಮುಂಚೆ ಎಚ್ಚರವಾಗುತ್ತದೆ. ಪೂರ್ವಕ್ಕೆ ಮರಳುವಾಗ ಹೊಂದಿಕೊಳ್ಳುವುದು ಸಾಮಾನ್ಯವಾಗಿ ಇನ್ನೂ ಕಷ್ಟ. ಊರಿಗೆ ಬಂದವರನ್ನು ಕೂಡಲೇ ಜಾತ್ರೆಯ ಕುಸ್ತಿಗೆ ಕರೆಯಬೇಡಿ.

ನನ್ನ ದೊಡ್ಡ ಕಳವಳ, ಸ್ಪರ್ಧೆಯ ತೂಕದ ವರ್ಗಕ್ಕೆ ಹೊಂದಲು ಪೈಲ್ವಾನರು ತೂಕ ಇಳಿಸುವುದರ ಬಗ್ಗೆ. ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಗಾಳಿಯ ಒತ್ತಡವೂ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಳಿತ ಹಾಗೆ, ಕೆಲವೊಮ್ಮೆ ಅದಕ್ಕೂ ಮೇಲೆ. ಅಂಥಲ್ಲಿ ತೂಕಕ್ಕೆ ಹೆದರಿ ನೀರು ಬಿಟ್ಟು ಕೂತರೆ ಬಾಯಿ ಒಣಗುತ್ತದೆ, ತಲೆ ಸಿಡಿಯುತ್ತದೆ, ಕುಸ್ತಿಗೆ ಮೊದಲೇ ಶಕ್ತಿ ಸೋರಿಹೋಗುತ್ತದೆ. ಮಂಡಿ ಮಡಚಿ ಅಲುಗಾಡದೆ ಕೂತರೆ ಕಾಲು ಬಾತು, ಅಪರೂಪಕ್ಕೆ ರಕ್ತವೂ ಹೆಪ್ಪುಗಟ್ಟಬಹುದು. ನೀರು ಗುಟುಕರಿಸುತ್ತಿರಲಿ, ಆಗಾಗ ಎದ್ದು ನಡೆಯಲಿ.

ನಿದ್ರೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ಯಾರೂ ಕೊಡಬಾರದು.

ಟಿಕೆಟ್ ತೆಗೆಸುವವರೇ, ಭಾರಿ ಮೈಕಟ್ಟಿನವರಿಗೆ ನಡುದಾರಿಯ ಪಕ್ಕದ ಆಸನವನ್ನೇ ಕೇಳಿ. ಸ್ಪರ್ಧೆಗೆ ನಾಲ್ಕು ದಿನ ಮೊದಲೇ ತಲುಪುವಂತಿರಲಿ. ಹೆಚ್ಚುವರಿ ವಸತಿ ಖರ್ಚಿಗೆ ವಂತಿಗೆ ಕೊಡುವವರು ಭಾನುವಾರದೊಳಗೆ ಇಲ್ಲಿಯೇ ತಿಳಿಸಿ.