ಬಂದರು ಎಣಿಸಿದ್ದು ಸಾಕು

ಮಾನ್ಯ ಸಂಪಾದಕರೇ,

ಅಮ್ಮನ ಜೊತೆ ಹೋಗಲು ಕ್ರೂಸ್ (ಹಡಗಿನ ಪ್ರವಾಸ) ಆರಿಸುವಾಗ ನಾನು ಬಂದರುಗಳನ್ನೇ ಎಣಿಸಿದ್ದೆ. ಮೆಡಿಟರೇನಿಯನ್‌ನಲ್ಲಿ ಏಳು ರಾತ್ರಿ, ಐದು ಊರು. 'ರೋಮ್' ಎಂದು ಬರೆದಿದ್ದ ದಿನ ಹಡಗು ನಿಂತದ್ದು ಚಿವಿತಾವೆಕಿಯಾ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 70 ಕಿ.ಮೀ.! ಹೋಗಿ ಬರುವುದರಲ್ಲೇ ಸುಸ್ತಾಯಿತು. ಕೊಲೋಸಿಯಂ ಮುಂದೆ ನಿಂತಾಗಲೂ ಕಣ್ಣು ಗಡಿಯಾರದ ಮೇಲೇ. ತಡವಾದರೆ ಹಡಗು ಕಾಯುವುದಿಲ್ಲ, ಅಲ್ವಾ?

ಮರುದಿನ ಬರೀ ಸಮುದ್ರ. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿತ್ತು. ಇಬ್ಬರೂ ಡೆಕ್ ಮೇಲೆ ಸುಮ್ನೆ ಕೂತೆವು. ಅಮ್ಮ ತನ್ನ ಬಾಲ್ಯದ ಕತೆ ಹೇಳುತ್ತಾ ಹೋದಳು. ಮಧ್ಯಾಹ್ನವಾದದ್ದೇ ಗೊತ್ತಾಗಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ಒಳ್ಳೆಯ ದಿನ ಅದೇ.

ಕ್ರೂಸ್ ಕಂಪನಿಗಳಲ್ಲಿ ಒಂದು ಬೇಡಿಕೆ. ಬಂದರಿನಿಂದ ಊರು ಎಷ್ಟು ದೂರ ಎಂಬುದನ್ನು ಊರಿನ ಹೆಸರಿನ ಪಕ್ಕದಲ್ಲೇ ಬರೆಯಿರಿ. ವಯಸ್ಸಾದವರಿಗಾಗಿ ಸಮುದ್ರದ ದಿನಗಳನ್ನು ಇನ್ನೊಂದೆರಡು ಹೆಚ್ಚಿಸಿ.

— ಓದುಗಳೊಬ್ಬಳು