ಮುಂಗಡ ಕೊಡುವ ಮುನ್ನ: ನಿವೇಶನ ಗುಂಪಿನ ಸದಸ್ಯರ ಗಮನಕ್ಕೆ

ಬಂಧುಗಳೇ, ಬಳ್ಳಾರಿಯ ಸಂಗನಕಲ್ಲು ರಸ್ತೆಯ ನಿವೇಶನದ ದರದ ಬಗ್ಗೆ ನಿನ್ನೆ ನಡುರಾತ್ರಿಯವರೆಗೂ ಇಲ್ಲಿ ಚರ್ಚೆ ನಡೆಯಿತು. "ಬಡಾವಣೆ ಮಾಡುವ ಕಂಪನಿ ಮುಳುಗಿದರೂ ದಿವಾಳಿ ಕಾನೂನು ಇದೆಯಲ್ಲ" ಎಂದು ಕೆಲವರು ಬರೆದಿದ್ದೀರಿ. ಅದು ಅರ್ಧ ನಿಜ.

2016ರ ದಿವಾಳಿ ಸಂಹಿತೆಗೆ 2018ರಲ್ಲಿ ತಿದ್ದುಪಡಿಯಾಗಿ, ಮನೆ-ನಿವೇಶನ ಖರೀದಿದಾರರಿಗೂ ಸಾಲ ಕೊಟ್ಟವರ ಸಾಲಿನಲ್ಲಿ ಜಾಗ ಸಿಕ್ಕಿತು. 2020ರಲ್ಲಿ ಬಾಗಿಲು ಕಿರಿದಾಯಿತು: ಒಂದೇ ಯೋಜನೆಯ 100 ಮಂದಿ ಅಥವಾ ಶೇ 10ರಷ್ಟು ಖರೀದಿದಾರರು, ಯಾವುದು ಕಡಿಮೆಯೋ ಅಷ್ಟು ಜನ, ಒಟ್ಟಾಗಿ ಅರ್ಜಿ ಹಾಕಬೇಕು. ಕಂಪನಿ ಕೊಡಬೇಕಾದ ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ಬರೀ ಲಾಭಕ್ಕೆ ಹಣ ಹೂಡಿದವರಿಗೆ ಈ ದಾರಿ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ. ಮೂರು ತಿಂಗಳಲ್ಲಿ ಕೈಬದಲಿಸುವ ಲೆಕ್ಕದಲ್ಲಿ ದರ ಏರಿಸುತ್ತಿರುವವರು ಇದನ್ನು ಎರಡು ಸಲ ಓದಲಿ. ಅವರು ಹಿಂದೆ ಸರಿದರೆ ದರ ಇಳಿದೀತು, ನನಗಂತೂ ಬೇಸರವಿಲ್ಲ.

ಇನ್ನೊಂದು ವಿಷಯ. ಬಡಾವಣೆ ಮಾಡಿದವರು ಕಂಪನಿಯಲ್ಲದೆ ಇಬ್ಬರು ಮೂವರ ಪಾಲುದಾರಿಕೆಯಾಗಿದ್ದರೆ ಈ ದಿವಾಳಿ ಅರ್ಜಿಗಳನ್ನು ಕೇಳುವ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲು ತಟ್ಟಿ ಫಲವಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಅಥವಾ ಗ್ರಾಹಕ ಆಯೋಗಕ್ಕೇ ಹೋಗಬೇಕು. ಆದ್ದರಿಂದ ರೇರಾ ನೋಂದಣಿ ಸಂಖ್ಯೆ ನೋಡದೆ ಮುಂಗಡ ಕೊಡಬೇಡಿ. ಬಿಳಿ ಚೀಟಿಯಲ್ಲಿ ಬರೆಸಿಕೊಂಡ ನಗದಿಗೆ ಯಾರೂ ಹೊಣೆಯಲ್ಲ.

ಈಗಾಗಲೇ ಹಣ ಕೊಟ್ಟವರು ಕರಾರುಪತ್ರ, ರಸೀದಿಗಳ ಪ್ರತಿಯನ್ನು ಶನಿವಾರದೊಳಗೆ ನನಗೆ ಕಳುಹಿಸಿ, ಗುಂಪಿನಲ್ಲಿ ಹಾಕಬೇಡಿ.